ಭೋಗ್ಯಕ್ಕಿರೋ ಮನೆಗೆ ಬ್ಯಾಂಕ್‌ನವ್ರು ನೋಟಿಸ್ ಅಂಟಿಸಿದಾರೆ, ನಮ್ ದುಡ್ಡಿನ ಗತಿ ಏನು? (ತುಮಕೂರು)

ಬಟವಾಡಿ_ಹುಡ್ಗ:
ಎಸ್‌ಐಟಿ ಕಾಲೇಜ್ ಹಿಂಭಾಗ ಮೇಲ್ಗಡೆ ಮನೆ, 8 ಲಕ್ಷ ಕೊಟ್ಟು 3 ವರ್ಷಕ್ಕೆ ಭೋಗ್ಯಕ್ಕಿದೀವಿ, ಇನ್ನೂ ಅರ್ಧ ಟೈಮ್ ಬಾಕಿ ಐತೆ. ಹೋದ್ವಾರ ಬ್ಯಾಂಕ್‌ನವ್ರು ಬಂದು ಗೇಟಿಗೆ ನೋಟಿಸ್ ಅಂಟಿಸಿ ಫೋಟೋ ತಕ್ಕೊಂಡ್ ಹೋದ್ರು, ಕೇಳಿದ್ರೆ ಓನರ್ ಮನೆ ಮೇಲೆ ಲೋನ್ ಮಾಡಿ ಕಂತು ಕಟ್ಟಿಲ್ವಂತೆ. ನಮ್ ಅಗ್ರಿಮೆಂಟ್ ಬಾಂಡ್ ಪೇಪರ್ ಮೇಲೆ ಬರೀ ನೋಟರಿ, ರಿಜಿಸ್ಟರ್ ಆಗಿಲ್ಲ. ಅರ್ಧ ಚೆಕ್, ಅರ್ಧ ಕ್ಯಾಶ್. ಓನರ್ "ನೋಡಣ ಬಿಡಪ್ಪ" ಅಂತಾರೆ ಅಷ್ಟೇ. ನಮ್ಮನ್ನ ಆಚೆ ಹಾಕ್ತಾರಾ?

ಕರಿಕೋಟು:
ಮೊದ್ಲು ನೋಟಿಸಲ್ಲಿ ಯಾವ ಸೆಕ್ಷನ್ ಹಾಕಿದಾರೆ ನೋಡಿ ಬ್ರದರ್. ಸರ್ಫೇಸಿ (ಬಾಕಿ ಸಾಲಕ್ಕೆ ಬ್ಯಾಂಕ್ ಅಡ ಇಟ್ಟ ಆಸ್ತಿ ಜಪ್ತಿ ಮಾಡೋ ಕಾಯ್ದೆ) 13(2) ಅಂತಿದ್ರೆ ಸಾಲ ಕಟ್ಟಕ್ಕೆ ಓನರ್‌ಗೆ 60 ದಿನ ಟೈಮ್ ಕೊಟ್ಟಿದಾರೆ ಅಂತ, ನಾಳೇನೇ ಯಾರೂ ಬೀಗ ಹಾಕಲ್ಲ. 13(4) ಅಂದ್ರೆ ಸ್ವಾಧೀನಕ್ಕೆ ತಗೊಳ್ತಿದಾರೆ, ಆಗ 45 ದಿನದೊಳಗೆ ಡಿಆರ್‌ಟಿಗೆ (ಬ್ಯಾಂಕ್ ಸಾಲ ವಸೂಲಿ ಕೇಸ್ ನೋಡೋ ನ್ಯಾಯಮಂಡಳಿ) ಹೋಗ್ಬೇಕು, 2016ರ ತಿದ್ದುಪಡಿ ಆದ್ಮೇಲೆ ಬಾಡಿಗೆದಾರರ ಹಕ್ಕನ್ನೂ ಅಲ್ಲಿ ಕೇಳ್ತಾರೆ. ಆದ್ರೆ ಒಂದು ವರ್ಷಕ್ಕಿಂತ ಜಾಸ್ತಿ ಅವಧಿ ಲೀಸು ರಿಜಿಸ್ಟರ್ ಆಗ್ಲೇಬೇಕು, ನೋಟರಿ ಸೀಲಿಗೆ ಅಲ್ಲಿ ಬೆಲೆ ಕಮ್ಮಿ, ಅದೂ ಲೋನ್ ಮೊದ್ಲು ಆಗಿ ನೀವು ಆಮೇಲೆ ಬಂದಿದ್ರೆ ಇನ್ನೂ ಕಷ್ಟ.

ಶಿರಾಗೇಟ್_ಮಾವ:
ಓನರ್‌ಗಳೆಲ್ಲ ಮೋಸಗಾರ್ರು ಅಂತ ಅನ್ಕೋಬೇಡಿ, ನಾನೂ ಮೇಲ್ಗಡೆ ಭೋಗ್ಯಕ್ಕೆ ಕೊಟ್ಟಿರೋನೇ. 2022ರ ಮೇ ಶುರುನಲ್ಲಿ ರೆಪೋ (ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡೋ ಬಡ್ಡಿ ದರ) 4 ಪರ್ಸೆಂಟ್ ಇತ್ತು, 2023ರ ಫೆಬ್ರವರಿ ಹೊತ್ಗೆ 6.5 ಆಯ್ತು, ಅದ್ರ ಜೊತೆ ನಮ್ ಬಡ್ಡಿನೂ ಏರಿ ನನ್ ಲೋನ್ ಮುಗಿಯೋ ತಾರೀಕು ರಿಟೈರ್‌ಮೆಂಟ್ ದಾಟಿ ಹೋಯ್ತು. ಇಲ್ಲಿ ಯಾರೂ ಬಾಯ್ಬಿಟ್ಟು ಹೇಳದೆ ಇರೋದು ಏನಂದ್ರೆ, ಭೋಗ್ಯದ ದುಡ್ಡು ಓನರ್ ಹತ್ರ ಇರಲ್ಲ, ಟೈಲ್ಸು ಗ್ರಿಲ್ಲು ಮಗಳ ಮದ್ವೆ ಅಂತ ಆವಾಗ್ಲೇ ಖರ್ಚಾಗಿರತ್ತೆ, ಮುಂದಿನ ಪಾರ್ಟಿ ಕೊಡೋ ದುಡ್ಡಲ್ಲೇ ನಿಮ್ದು ವಾಪಸ್ ಕೊಡೋದು. ಈಗ ಗೇಟಿಗೆ ನೋಟಿಸ್ ಬಿದ್ಮೇಲೆ ಮುಂದಿನ ಪಾರ್ಟಿ ಎಲ್ಲಿಂದ ಬತ್ತಾನೆ? ಹಂಗಾಗಿ ಅವ್ರ ಹತ್ರ ಕೂತು ಮಾತಾಡಿ, ಹರಾಜಿಗೆ ಮುಂಚೆ ಅವ್ರೇ ಮಾರಿದ್ರೆ ರೇಟು ಚೆನ್ನಾಗ್ ಸಿಗತ್ತೆ, ಬ್ಯಾಂಕಿಂದು ತೀರಿಸಿ ಉಳಿದಿದ್ರಲ್ಲಿ ನಿಮ್ದು ಕೊಡ್ಬೋದು.

ತಟ್ಟೆಇಡ್ಲಿ:
ಇಸಿ (ಆಸ್ತಿ ಮೇಲೆ ನೋಂದಣಿ ಆಗಿರೋ ಋಣಭಾರ ತೋರ್ಸೋ ಪತ್ರ) ತೆಗ್ಸಿದ್ರಾ?

ಬಟವಾಡಿ_ಹುಡ್ಗ:
ಬರೋ ಮುಂಚೆನೇ ತೆಗ್ಸಿದ್ವಿ, ಲೋನ್ ಇದೆ ಅಂತ ಏನೂ ಇರ್ಲಿಲ್ಲ.

ಕರಿಕೋಟು:
ಮನೆ ಪತ್ರ ಅಡ ಇಟ್ಟು ಮಾಡೋ ಲೋನ್ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗದೆ ಇದ್ರೆ ಇಸಿಲಿ ಬರಲ್ಲ. ಸೆರ್ಸೈ ಅಂತ ವೆಬ್‌ಸೈಟ್ ಐತೆ, ಬ್ಯಾಂಕ್‌ಗಳು ಅಡಮಾನ ಅಲ್ಲಿ ಹಾಕಿರ್ತಾರೆ, ಸಣ್ಣ ಫೀ ಕಟ್ಟಿ ಯಾರು ಬೇಕಾದ್ರೂ ಹುಡುಕ್ಬೋದು. ಯಾವ ತಾರೀಕಿಗೆ ಅಡ ಬಿದ್ದಿದೆ ಅಂತ ಅಲ್ಲೇ ನೋಡ್ಕೊಳ್ಳಿ, ನಿಮ್ ಅಗ್ರಿಮೆಂಟ್ ಅದಕ್ಕಿಂತ ಹಳೇದಾ ಹೊಸ್ದಾ ಅನ್ನೋದ್ರ ಮೇಲೆ ಕೇಸು ನಿಂತಿರೋದು.

ತಟ್ಟೆಇಡ್ಲಿ:
ಮನೆ ನೋಡಕ್ಕೆ ಹೋದಾಗ ಒರಿಜಿನಲ್ ಕ್ರಯಪತ್ರ ತೋರ್ಸಿ ಅನ್ನಿ, ಜೆರಾಕ್ಸ್ ತಂದ್ರೆ ಒರಿಜಿನಲ್ ಬ್ಯಾಂಕಲ್ಲೇ ಇರತ್ತೆ, ನಮ್ ಮರಳೂರು ಕಡೆ ಹಿಂಗೇ ಇಬ್ರು ಸಿಕ್ಕಾಕ್ಕೊಂಡ್ರು.

ಕರಿಕೋಟು:
ಇನ್ನೊಂದು, ಬ್ಯಾಂಕಿನ ಅಧಿಕೃತ ಅಧಿಕಾರಿಗೆ ನಾವು ಇಷ್ಟು ದುಡ್ಡು ಕೊಟ್ಟು ಸ್ವಾಧೀನದಲ್ಲಿದೀವಿ ಅಂತ ಅಗ್ರಿಮೆಂಟ್, ಚೆಕ್ ಎಂಟ್ರಿ, ಕರೆಂಟ್ ಬಿಲ್ ಕಾಪಿ ಇಟ್ಟು ಸ್ಪೀಡ್ ಪೋಸ್ಟಲ್ಲಿ ಈ ವಾರನೇ ಕಳ್ಸಿ. ಕ್ಯಾಶ್ ಕೊಟ್ಟಿದ್ದಕ್ಕೆ ಓನರ್ ಹತ್ರ ರಸೀದಿ ಬರೆಸ್ಕೊಳ್ಳಿ, ಅವ್ರು ಇನ್ನೂ ಫೋನ್ ಎತ್ತೋವಾಗ್ಲೇ.