ಬ್ಯಾಂಕರ್ ಹಿಂದಿಂದ ತಳ್ತಾನೆ
ಮೊನ್ನೆ ಸುಬ್ರಹ್ಮಣ್ಯಕ್ಕೆ ಹೊರಟಿದ್ವಿ, ಸಕಲೇಶಪುರ ಘಾಟಿ ನಡುವೆ ಎಡಕುಮೇರಿ ಸ್ಟೇಷನ್ನಲ್ಲಿ ರೈಲು ನಿಲ್ತು, ಎದುರಿಂದ ಗೂಡ್ಸ್ ಬರ್ಬೇಕಂತೆ, ಸಿಂಗಲ್ ಲೈನ್ ಅಲ್ವಾ, ಸರಿ ಅಂತ ಮಂಜ ಕೋಡುಬಳೆ ಡಬ್ಬಿ ಬಿಚ್ಚಿದ, ಹುಬ್ಬಳ್ಳಿ ಬಸ್ಯಾ ಬಾಯಿ ಬಿಚ್ಚಿದ.

"ಪ್ರೈವೇಟ್‌ನವ್ರ ಕೈಯಾಗ ಕೊಟ್ಟಿದ್ರ ಇಷ್ಟೊತ್ತಿಗೆ ಡಬಲ್ ಲೈನ್ ಆಗಿರ್ತಿತ್ತು ನೋಡ್ಲೇ."

ಪ್ರಸಾದ ಮಂಗಳೂರಿನವ, ಬಿಡ್ತಾನಾ. "ಮಾರಾಯ, ಈ ಲೈನೇ ಪಾಲುದಾರಿಕೆಯದ್ದು. ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಮಾಡ್ಲಿಕ್ಕೆ ರೈಲ್ವೆ, ರಾಜ್ಯ ಸರ್ಕಾರ, ಬಂದರಿನವರು, ಒಂದು ಗಣಿ ಕಂಪನಿ ಎಲ್ಲ ಸೇರಿ ಹಾಸನ-ಮಂಗಳೂರು ರೈಲು ಕಂಪನಿ ಅಂತ ಮಾಡಿದ್ದು. 2006ರಲ್ಲಿ ಕಬ್ಬಿಣದ ಅದಿರು ಹೊರುವ ಗೂಡ್ಸ್ ಓಡಿತು, ನಮ್ಮನ್ನು ಹತ್ತಿಸಿದ್ದು 2007ರ ಡಿಸೆಂಬರಿನಲ್ಲಿ."

"ಅದಿರಿಗೆ ಕನ್ಫರ್ಮ್ ಸೀಟು, ಮನುಷ್ಯರಿಗೆ ವೇಟಿಂಗ್ ಲಿಸ್ಟು" ಅಂದ ಮಂಜ.

"ಅದಿರಿನ ಓಟಕ್ಕೂ ನಡುವೆ ಬ್ರೇಕ್ ಬಿತ್ತಲ್ಲ, 2010ರಲ್ಲಿ ರಾಜ್ಯ ಸರ್ಕಾರ ಎಕ್ಸ್‌ಪೋರ್ಟ್ ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಳಿಗೇ ಬೀಗ ಹಾಕಿತು."

ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಲಾರಿ ಆದ್ರೆ ಒಂದ್ ಬಾಡಿಗೆ ತಪ್ಪಿದ್ರೆ ಇನ್ನೊಂದ್ ರೂಟಿಗೆ ಹಾಕ್ಬಹುದು, ಈ ಘಾಟಿಲಿ 57 ಸುರಂಗ ಇವೆ ಕಣಯ್ಯಾ, ಕಿತ್ಕೊಂಡ್ ಹೋಗಿ ಬೇರೆ ಗುಡ್ಡಕ್ಕೆ ಸಿಕ್ಕಿಸೋಕಾಗುತ್ತಾ? ಅದಕ್ಕೇ 2006ರಲ್ಲಿ ಕಂಟೇನರ್ ರೈಲು ಓಡ್ಸಿ ಅಂತ ಪ್ರೈವೇಟ್‌ನವ್ರನ್ನ ಕರೆದಾಗ ಅವ್ರು ವ್ಯಾಗನ್ ತಂದ್ರು, ಹಳಿ ಮಾತ್ರ ರೈಲ್ವೆದೇ, ಎಂಜಿನ್ನೂ ರೈಲ್ವೆದೇ. ಉರುಳೋದಕ್ಕೆ ದುಡ್ಡು ಹಾಕೋರು ಸಿಗ್ತಾರೆ, ನೆಲಕ್ಕೆ ಮೊಳೆ ಹೊಡೆದಿದ್ದಕ್ಕೆ ಬರೋರು ಕಮ್ಮಿ. ಉತ್ತರದಲ್ಲಿ ಗೂಡ್ಸಿಗೇ ಅಂತ ಕಾರಿಡಾರ್ ಕಟ್ಟಿದ್ರಲ್ಲ, ಪೂರ್ವದ್ದಕ್ಕೆ ವಿಶ್ವಬ್ಯಾಂಕ್ ಸಾಲ, ಪಶ್ಚಿಮದ್ದಕ್ಕೆ ಜಪಾನ್ ಸಾಲ.

"ತೀರ್ಸೋರು ಯಾರಲೇ?"

"ನೀನೇ. ಬಡ್ಡಿ ಸಮೇತ."

ಬಸ್ಯಾ ಕೈಲಿದ್ದ ಕೋಡುಬಳೆ ಬಾಯಿಗೆ ಹೋಗ್ದೆ ಅಲ್ಲೇ ನಿಲ್ತು. ಅಷ್ಟರಲ್ಲಿ ಗೂಡ್ಸ್ ಏದುಸಿರು ಬಿಡ್ತಾ ಬಂತು, ಐವತ್ತು ಮೀಟರಿಗೆ ಒಂದು ಮೀಟರ್ ಏರು ಅಂದ್ರೆ ಸುಮ್ನೆನಾ, ವ್ಯಾಗನ್ ಎಣಿಸ್ತಾ ಎಣಿಸ್ತಾ ಲೆಕ್ಕ ತಪ್ತು, ಕೊನೇಲಿ ತಳ್ಕೊಂಡು ಬರ್ತಿದ್ದ ಎಂಜಿನ್ ತೋರ್ಸಿ ಪ್ರಸಾದ "ಅದೇ ಬ್ಯಾಂಕರ್" ಅಂದ.

"ಯಾವ ಬ್ಯಾಂಕಿನಾಂವಾ?"

"ತಳ್ಳುವ ಎಂಜಿನ್ನಿಗೆ ಹಾಗೇ ಹೇಳುದು ಮಾರಾಯ!"

"ಸರಿ ಐತಿ ಬಿಡು, ಸಾಲ ಕೊಟ್ಟಾಂವ ಯಾವತ್ತೂ ಬೆನ್ನ ಹಿಂದೇ ಇರ್ತಾನ."

ನಮ್ಮ ರೈಲೂ ಜಗ್ಗಿ ಹೊರಡ್ತು. ಸ್ವಲ್ಪ ಹೊತ್ತು ಸುಮ್ನಿದ್ದ ಬಸ್ಯಾ ಮೆಲ್ಲಗೆ "ಹಂಗಾದ್ರ ಇನ್ನೂ ಕಾಗದದಾಗ ಇರೋ ನಮ್ ಹುಬ್ಬಳ್ಳಿ-ಅಂಕೋಲಾ ಲೈನಿಗೆ ರೊಕ್ಕ ಯಾರ್ ಹಾಕ್ತಾರಪಾ?" ಅಂದ.

ಯಾರೂ ಮಾತಾಡ್ಲಿಲ್ಲ. ಮಂಜ ಡಬ್ಬೀಲಿದ್ದ ಕೊನೇ ಕೋಡುಬಳೆ ತೆಗೆದು ಅವನ ಕೈಗಿಟ್ಟ.