ಸ್ಪ್ಯಾನಿಶ್‌ನ 'ಕೆದಾರ್' ಕ್ರಿಯಾಪದದ ಇಷ್ಟೊಂದು ಅರ್ಥಗಳನ್ನು ಹೇಗೆ ಹಿಡಿಯುವುದು? ಅನುಭವ ಹೇಳಿ

ಪ್ರಶ್ನೆ:
ಬೆಂಗಳೂರಿನಲ್ಲಿ ಕೆಲಸದ ಜೊತೆಗೆ ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ಸ್ಪ್ಯಾನಿಶ್ ಭಾಷಾ ಪ್ರಮಾಣಪತ್ರದ ಡೆಲೆ ಪರೀಕ್ಷೆ ಕಟ್ಟುವ ಆಸೆ ಇದೆ. 'ಕೆದಾರ್' ಬಂದಾಗಲೆಲ್ಲ ತಡವರಿಸುತ್ತೇನೆ. ನಿಘಂಟು ತೆಗೆದರೆ ಉಳಿ, ಇರು, ಒಪ್ಪು, ಭೇಟಿಯಾಗು, ಆಗು ಅಂತ ಸಾಲು ಸಾಲು ಅರ್ಥ. ಬಾಯಿಪಾಠ ಮಾಡಿದ್ದು ಮಾತಿನ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

ಉತ್ತರ 1, ಸ್ಪ್ಯಾನಿಶ್ ಪಾಠ ಹೇಳುವವರಿಂದ:
ಮೊದಲು ಆ ಪಟ್ಟಿ ಪಕ್ಕಕ್ಕಿಡಿ. ಇಂಗ್ಲಿಷ್ ಮೂಲಕ ಸುತ್ತಿ ಬರಬೇಡಿ, ನೇರ ಕನ್ನಡದಿಂದ ಹೋಗಿ. ನಮಗೆ ಎರಡು ಅನುಕೂಲ ಇವೆ: 'ನನಗೆ' ಮತ್ತು 'ಕೊಳ್ಳು'.

ಬಟ್ಟೆ ಅಂಗಡಿಯ ಮಾತು ನೋಡಿ. ಶರ್ಟ್ ಹಾಕಿ ನೋಡುತ್ತಿದ್ದೀರಿ. 'ಕೇ ತಾಲ್ ತೇ ಕೆದಾ?' ಅಂತ ಕೇಳುತ್ತಾರೆ. ನಿಮಗೆ ಹೇಗೆ ಆಗುತ್ತದೆ ಅಂತ. 'ಮೇ ಕೆದಾ ಪೆಕೆನ್ಯೋ' ಅಂದರೆ ನನಗೆ ಚಿಕ್ಕದಾಗುತ್ತದೆ. ಇನ್ನೊಂದು ಹಾಕಿದಿರಿ, ಸರಿಹೋಯಿತು. ಆಗ 'ಮೇ ಲೋ ಕೆದೋ' ಅನ್ನಿ. ನಾನು ಇದನ್ನು ತೆಗೆದುಕೊಳ್ಳುತ್ತೇನೆ ಅಂತ. 'ಮೇ ಕೆದೋ' ಅಂತಷ್ಟೇ ಅಂದರೆ ನಾನು ಇಲ್ಲೇ ಉಳಿದುಕೊಳ್ಳುತ್ತೇನೆ ಅಂತ ಆಗುತ್ತದೆ.

ಕೆದಾ ಅಂದಾಗ ಕರ್ತೃ ಶರ್ಟು, 'ಮೇ' ಅನ್ನುವುದು ನಮ್ಮ 'ನನಗೆ'. ಕೆದೋ ಅಂದಾಗ ಕರ್ತೃ ನಾನು, ಅಲ್ಲಿನ 'ಮೇ' ನಮ್ಮ 'ಕೊಳ್ಳು' ಮಾಡುವ ಕೆಲಸ ಮಾಡುತ್ತದೆ. ಇಟ್ಟುಕೋ, ಉಳಿದುಕೋ, ತೆಗೆದುಕೋ ಅಂತ ದಿನವಿಡೀ ಹೇಳುವ ನಮಗೆ ಇದು ಸುಲಭ, ಅಲ್ವಾ? 'ಮೇ ಕೆದಾನ್ ದೋಸ್ ಎಉರೋಸ್' ಅಂದರೂ ಹಾಗೇ, ನನ್ನ ಹತ್ತಿರ ಎರಡು ಯೂರೋ ಉಳಿದಿವೆ. ಎರಡು ಯೂರೋ ಕರ್ತೃ, ಅದಕ್ಕೇ ಬಹುವಚನ.

ಹಾಗಾಗಿ ಪದದ ಅರ್ಥ ಹುಡುಕುವ ಮೊದಲು ಯಾರು ಕರ್ತೃ, ಹಿಂದೆ ಮುಂದೆ ಯಾವ ಪುಟ್ಟ ಪದ ಇದೆ ಅಂತ ನೋಡಿ. ಮುಕ್ಕಾಲು ಪಾಲು ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಉತ್ತರ 2, ಮ್ಯಾಡ್ರಿಡ್‌ನಿಂದ:
ಇಲ್ಲಿ ಜಾಸ್ತಿ ಕಿವಿಗೆ ಬೀಳುವುದು 'ಸಿಗೋಣ' ಅನ್ನುವ ಅರ್ಥ. 'ಕೆದಾಮೋಸ್ ಎನ್ ಸೋಲ್ ಆ ಲಾಸ್ ಓಚೋ?' ಅಂದರೆ ಎಂಟು ಗಂಟೆಗೆ ಪುಯೆರ್ತಾ ದೆಲ್ ಸೋಲ್ ಚೌಕದಲ್ಲಿ ಸಿಗೋಣವಾ? ಅಲ್ಲಿರುವ ಕರಡಿ ಪ್ರತಿಮೆಯ ಹತ್ತಿರ ಯಾವಾಗಲೂ ಯಾರಾದರೂ ಯಾರಿಗೋ ಕಾಯುತ್ತಿರುತ್ತಾರೆ. 'ಎನ್' (ನಮ್ಮ 'ಅಲ್ಲಿ' ಪ್ರತ್ಯಯದ ಹಾಗೆ) ಆದಮೇಲೆ ಜಾಗ ಬಂದರೆ ಭೇಟಿ. ಕ್ರಿಯಾಪದ ಅಥವಾ 'ಕೆ' (ನಮ್ಮ 'ಅಂತ') ಬಂದರೆ ಒಪ್ಪಂದ: 'ಕೆದಾಮೋಸ್ ಎನ್ ಯಮಾರ್‌ನೋಸ್', ಫೋನ್ ಮಾಡಿಕೊಳ್ಳೋಣ ಅಂತ ಮಾತಾಯಿತು. ಮಾತು ಆ ಕಡೆ ಈ ಕಡೆ ಎಳೆದಾಡುತ್ತಿದ್ದರೆ 'ಎನ್ ಕೇ ಕೆದಾಮೋಸ್?' ಅಂತ ಕೇಳುತ್ತಾರೆ. ಕೊನೆಗೆ ಏನು ತೀರ್ಮಾನ ಅಂತ.

ಒಂದು ಎಚ್ಚರಿಕೆ. 'ತೇ ಎಸ್ತಾಸ್ ಕೆದಾಂದೋ ಕೊನ್‌ಮೀಗೋ?' ಅಂತ ಯಾರಾದರೂ ಅಂದರೆ ನನ್ನ ಜೊತೆ ಉಳಿಯುತ್ತೀಯಾ ಅಂತ ತಿಳಿಯಬೇಡಿ. ಸ್ಪೇನ್‌ನಲ್ಲಿ ಅದಕ್ಕೆ 'ನನಗೇ ಆಟ ಆಡಿಸುತ್ತಿದ್ದೀಯಾ?' ಅಂತ ಅರ್ಥ.

ಉತ್ತರ 3, ಮೆಕ್ಸಿಕೋ ಗ್ರಾಹಕರ ಜೊತೆ ಕೆಲಸ ಮಾಡುವವರಿಂದ:
ನಮ್ಮ ಕರೆಗಳಲ್ಲಿ ಭೇಟಿಯ ಅರ್ಥ ಅಪರೂಪ. ಸಿಗೋಣ ಅನ್ನುವುದಕ್ಕೆ ಅವರು 'ನೋಸ್ ಬೇಮೋಸ್' ಅನ್ನುತ್ತಾರೆ. ಜಾಗ ಕೇಳುವಾಗ ಮಾತ್ರ ಕೆದಾರ್ ಧಾರಾಳ: 'ದೋಂದೇ ಕೆದಾ ಎಲ್ ಬಾನ್ಯೋ?', ಬಚ್ಚಲುಮನೆ ಎಲ್ಲಿದೆ? ಕದಲದ ಜಾಗಗಳಿಗೆ ಮಾತ್ರ ಹೀಗೆ. ಕೀಲಿ ಎಲ್ಲಿದೆ ಅಂತ ಕೇಳಲು 'ಎಸ್ತಾರ್' (ಇರು) ಕ್ರಿಯಾಪದ ಬೇಕು. ನೀವು ಯಾವ ದೇಶದವರ ಜೊತೆ ಮಾತಾಡಬೇಕೋ ಅಲ್ಲಿನ ಬಳಕೆ ಮೊದಲು ಕಲಿಯಿರಿ.

ಉತ್ತರ 4:
'ಆಗು' ಅರ್ಥದ ಬಗ್ಗೆ ಯಾರೂ ಹೇಳಲಿಲ್ಲ. ಈ ಪದದ ಮೂಲ ಲ್ಯಾಟಿನ್ನಿನ 'ಕ್ವಿಯೆತಾರೆ', ಶಾಂತಗೊಳಿಸು ಅಂತ. ಏನೋ ಒಂದು ನಡೆದು, ಆಮೇಲೆ ಉಳಿದ ಸ್ಥಿತಿಯನ್ನು ಅದು ಹೇಳುತ್ತದೆ. 'ಸೇ ಕೆದೋ ಕಯಾದೋ', ಸುಮ್ಮನಾಗಿಬಿಟ್ಟ (ಇಲ್ಲಿನ 'ಕೆದೋ' ಭೂತಕಾಲ, ಕರ್ತೃ ನಾನಲ್ಲ, ಅವನು). 'ಸೇ ಕೆದೋ ದೋರ್ಮೀದಾ', ನಿದ್ದೆ ಹೋಗಿಬಿಟ್ಟಳು. ಕನ್ನಡದಲ್ಲಿ 'ಬಿಟ್ಟ', 'ಹೋದ' ಅಂತ ತಾನಾಗಿ ಬರುವ ಕಡೆ ಇದನ್ನು ಹಾಕಿ ನೋಡಿ. ಎಲ್ಲ ಕಡೆ ಹೊಂದುವುದಿಲ್ಲ. ಶ್ರೀಮಂತನಾಗಿಬಿಟ್ಟ ಅನ್ನಲು 'ಅಸೇರ್‌ಸೇ' ಬೇಕು, ಸಿಟ್ಟಾದ ಅನ್ನಲು 'ಪೊನೇರ್‌ಸೇ'. ಕುರುಡ, ಕಿವುಡ, ವಿಧವೆ, ಒಂಟಿ, ಸುಮ್ಮನೆ: ಈ ಐದರಿಂದ ಶುರು ಮಾಡಿ.