ಬೆಳ್ಳಿ ಕೆಲಸದ ಹವ್ಯಾಸವನ್ನು ಮಾರಾಟಕ್ಕೆ ತರುವುದು: ಬೆಲೆ, ಬೂದು ಕಲೆ, ಉಂಗುರದ ಅಳತೆ

ತಂತಿಕೆಲಸ ಎಂಬ ಹೆಸರಿನ ಸದಸ್ಯರು ಕೇಳಿದ್ದು:

925 ಬೆಳ್ಳಿಯಲ್ಲಿ ಉಂಗುರ, ಓಲೆ, ಪದಕ ಮಾಡುತ್ತೇನೆ. ಗರಗಸ, ಬೆಸುಗೆ, ಕಲ್ಲು ಕೂರಿಸುವುದು ಇವೆಲ್ಲ ಕೈಗೆ ಹತ್ತಿವೆ. ಇನ್ನು ಮಾರಬೇಕು ಅಂದುಕೊಂಡಿದ್ದೇನೆ, ಆದರೆ ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಬೆಲೆಯನ್ನು ತೂಕದ ಮೇಲೆ ಕಟ್ಟಬೇಕೋ, ಹಿಡಿದ ಹೊತ್ತಿನ ಮೇಲೋ? ಪಾಲಿಶ್ ಆದ ಮೇಲೆ ಅಲ್ಲಲ್ಲಿ ಬೂದು-ನೇರಳೆ ನೆರಳು ಉಳಿಯುತ್ತದೆ, ಆಮ್ಲದಲ್ಲಿ ಎಷ್ಟು ಹೊತ್ತಿಟ್ಟರೂ ಹೋಗುವುದಿಲ್ಲ. ಮೂರನೆಯದು, ಕೇಳಿದ ಅಳತೆಗೆ ಮಾಡಿದ ಉಂಗುರ ಒಮ್ಮೆ ಸಡಿಲ, ಒಮ್ಮೆ ಬಿಗಿ. ಮನೆಯವರಿಗಾದರೆ ನಡೆಯುತ್ತದೆ, ದುಡ್ಡು ಕೊಟ್ಟವರಿಗೆ ನಡೆಯುವುದಿಲ್ಲವಲ್ಲ.

ಒರೆಗಲ್ಲು:

ಗ್ರಾಂ ಲೆಕ್ಕ ಬಿಡಿ. ಎರಕ ಹೊಯ್ದು ನೂರಾರು ತೆಗೆಯುವವರಿಗೆ ಅದು ಸರಿ. ಕೈಕೆಲಸದಲ್ಲಿ 4 ಗ್ರಾಂ ಓಲೆ 12 ಗ್ರಾಂ ಕಡಗಕ್ಕಿಂತ ಹೆಚ್ಚು ಹೊತ್ತು ತಿನ್ನುವುದುಂಟು.

ಒಂದೇ ಮಾದರಿಯ 5 ಜೊತೆ ಮಾಡಿ. ಕತ್ತರಿಸಲು, ಅರ ಹಾಕಲು, ಬೆಸುಗೆಗೆ, ಪಾಲಿಶ್‌ಗೆ ಹಿಡಿದ ನಿಮಿಷಗಳನ್ನು ಬೇರೆಬೇರೆ ಬರೆದಿಡಿ. ಬೆಸುಗೆಗೆ 10 ನಿಮಿಷ, ಅದರ ಗುರುತು ಅಳಿಸಲು 40 ಎಂದು ಬಂದರೆ ಬೆಲೆಗಿಂತ ಮೊದಲು ಬೆಸುಗೆಯನ್ನೇ ಸರಿಮಾಡಬೇಕು. ಬೆಸುಗೆ ಲೋಹದ ದೊಡ್ಡ ತುಣುಕು ಹಾಕಿ ಆಮೇಲೆ ಅರದಿಂದ ತೆಗೆಯುವುದು ಹವ್ಯಾಸದ ಅಭ್ಯಾಸ. 1 ಮಿ.ಮೀ. ಚದರದ ತುಣುಕು ಓಲೆಯ ಕಡ್ಡಿಗೆ (ಕಿವಿಯ ತೂತಿಗೆ ಹೋಗುವ ತಂತಿಗೆ) ಸಾಕು.

ಲೆಕ್ಕ ಹೀಗೆ: ಲೋಹ, ಅದಕ್ಕೆ ತೇಮಾನು (ಕೆಲಸದಲ್ಲಿ ಸವೆದು ಕಳೆಯುವ ಲೋಹ) ಶೇ. 10–15, ಹಿಡಿದ ಹೊತ್ತಿನ ಕೂಲಿ, ಗ್ಯಾಸ್, ಗರಗಸದ ಅಲಗು, ಎಮರಿ (ಉಜ್ಜುಕಾಗದ), ಡಬ್ಬಿಯ ಪಾಲು. ಇಷ್ಟೂ ಸೇರಿ ತಯಾರಿ ವೆಚ್ಚ. ಅದರ ಮೇಲೆ ಲಾಭ ಇಟ್ಟರೆ ಸಗಟು ಬೆಲೆ, ಸಗಟಿನ ಸುಮಾರು ಎರಡು ಪಟ್ಟು ಚಿಲ್ಲರೆ ಬೆಲೆ. ನೇರವಾಗಿ ಮಾರುವಾಗಲೂ ಚಿಲ್ಲರೆ ಬೆಲೆಯನ್ನೇ ಹೇಳಿ. ಮುಂದೆ ಯಾವುದಾದರೂ ಅಂಗಡಿ ನಿಮ್ಮ ಮಾಲು ಇಟ್ಟುಕೊಂಡು ಅರ್ಧದಷ್ಟು ತನ್ನ ಪಾಲು ಕೇಳಿದಾಗ, ಮೊದಲೇ ವೆಚ್ಚಕ್ಕೆ ಮಾರಿ ಅಭ್ಯಾಸ ಮಾಡಿಸಿದವರಿಗೆ ಬಾಗಿಲು ಮುಚ್ಚಿದ ಹಾಗೆ. ಬೆಳ್ಳಿಯ ದರವನ್ನು ಕೊಂಡ ದಿನದ್ದಲ್ಲ, ಇವತ್ತಿನದ್ದು ಹಿಡಿಯಿರಿ. ಮಾರಿದ ಮೇಲೆ ಮತ್ತೆ ಕೊಳ್ಳಬೇಕಾದದ್ದು ಅದೇ ದರಕ್ಕೆ.

ಊದುಗೊಳವೆ:

ಆ ನೇರಳೆ ನೆರಳು ಕೊಳೆ ಅಲ್ಲ, ಲೋಹದ ಒಳಗಿನದು. 925ರಲ್ಲಿ ಸಾವಿರಕ್ಕೆ 75 ಪಾಲು ಸಾಮಾನ್ಯವಾಗಿ ತಾಮ್ರ. ಕಾದ ಬೆಳ್ಳಿಯೊಳಗೆ ಆಮ್ಲಜನಕ ಇಳಿದು ಮೇಲ್ಪದರದ ಕೆಳಗಿನ ತಾಮ್ರವನ್ನು ಆಕ್ಸೈಡ್ ಮಾಡುತ್ತದೆ. ಆಮ್ಲ ತೆಗೆಯುವುದು ಹೊರಗಿನ ಕಪ್ಪನ್ನು ಮಾತ್ರ. ಪಾಲಿಶ್‌ನಲ್ಲಿ ಮೇಲಿನ ತೆಳು ಪದರ ಸವೆದಾಗ ಒಳಗಿನದು ಇಣುಕುತ್ತದೆ. ಪಾಲಿಶ್‌ಗೆ ಮುಂಚೆ, ಎಮರಿ ತಿಕ್ಕಿದ ಮೇಲೆ, ಬಿಳಿ ಕಾಗದದ ಪಕ್ಕ ಹಿಡಿದು ನೋಡಿ, ಆಗಲೇ ಗೊತ್ತಾಗುತ್ತದೆ.

ತಡೆಯುವುದು ತೆಗೆಯುವುದಕ್ಕಿಂತ ಸುಲಭ. ಬೋರಿಕ್ ಆಮ್ಲದ ಪುಡಿಯನ್ನು ಡಿನೇಚರ್ಡ್ ಆಲ್ಕೋಹಾಲ್‌ನಲ್ಲಿ ಕಲಕಿ, ಒಡವೆಯನ್ನು ಅದ್ದಿ ತೆಗೆಯಿರಿ. ಜಾಡಿಯ ಮುಚ್ಚಳ ಬಿಗಿದು ದೂರ ಇಟ್ಟ ಮೇಲೆಯೇ ಬೆಂಕಿ ಮುಟ್ಟಿಸಿ. ಹಸಿರು ಜ್ವಾಲೆ ಆರಿದಾಗ ಬಿಳಿ ಲೇಪ ಉಳಿಯುತ್ತದೆ. ಎಲ್ಲಾದರೂ ಲೇಪ ಕೂರದೆ ಉಳಿದಿದ್ದರೆ, ಒಡವೆ ತಣ್ಣಗಾದ ಮೇಲೆ ಮತ್ತೆ ಅದ್ದಿ. ಸಂದಿಗೆ ಮಾತ್ರ ಬಿಳಿಗಾರದ ಫ್ಲಕ್ಸ್ (ಬೆಸುಗೆ ಹರಿಯಲು ಹಚ್ಚುವ ಲೇಪ). ಜ್ವಾಲೆ ದೊಡ್ಡದಾಗಿ ಮೆತ್ತಗಿರಲಿ, ಕೆಲಸ ಬೇಗ ಮುಗಿಯಲಿ. ಸೂಜಿಯಂಥ ಸುಯ್ಗುಡುವ ಜ್ವಾಲೆ ಹಿಡಿದು ಎರಡು ನಿಮಿಷ ಕಾಯಿಸುವುದೇ ಈ ರೋಗದ ಮೂಲ. ಈಗಾಗಲೇ ಬಂದಿದ್ದರೆ 400ರ ಎಮರಿಯಿಂದ ಆ ನೆರಳಿನ ಪದರ ಪೂರ್ತಿ ಸವೆಯುವವರೆಗೂ ತಿಕ್ಕಲೇಬೇಕು.

ಇನ್ನೊಂದು ದಾರಿ ಬಿಳಿ ಎಬ್ಬಿಸುವುದು. ಫ್ಲಕ್ಸ್ ಇಲ್ಲದೆ ಹದವಾಗಿ ಕಾಯಿಸಿ ಆಮ್ಲಕ್ಕೆ ಹಾಕುವುದನ್ನು ನಾಲ್ಕೈದು ಸಲ ಮಾಡಿದರೆ ಮೇಲೆ ಶುದ್ಧ ಬೆಳ್ಳಿಯ ಪದರ ಬರುತ್ತದೆ. ಓಲೆ, ಪದಕಕ್ಕೆ ಪರವಾಗಿಲ್ಲ. ಉಂಗುರಕ್ಕೆ ಬೇಡ, ದಿನಬಳಕೆಯಲ್ಲಿ ಸವೆದು ಮತ್ತೆ ನೆರಳು ಕಾಣುತ್ತದೆ. ಗಿರಾಕಿ ಅದನ್ನು ಕಲಬೆರಕೆ ಅಂದುಕೊಳ್ಳುತ್ತಾರೆ.

ಒಡವೆ ಗುಲಾಬಿಯಾಗಿ ಬರುತ್ತಿದ್ದರೆ ಅದು ಬೇರೆ ಸಮಸ್ಯೆ. ಆಮ್ಲದೊಳಗೆ ಕಬ್ಬಿಣದ ಚಿಮಟವೋ ಕಟ್ಟುತಂತಿಯೋ ಹೋಗಿದೆ, ತಾಮ್ರ ಬೆಳ್ಳಿಯ ಮೇಲೆ ಕೂತಿದೆ. ತಾಮ್ರದ್ದೋ ಮರದ್ದೋ ಚಿಮಟ ಬಳಸಿ.

ಅರದಪುಡಿ:

ಉಂಗುರದ ಪಟ್ಟಿಯ ಉದ್ದ = (ಒಳವ್ಯಾಸ + ತಗಡಿನ ದಪ್ಪ) × 3.14. ದಪ್ಪವನ್ನು ಕೂಡಿಸದಿದ್ದರೆ ಪ್ರತಿಸಲವೂ ಬಿಗಿಯೇ. ಒಳವ್ಯಾಸ 17 ಮಿ.ಮೀ., ದಪ್ಪ 1.5 ಆದರೆ 58.1 ಮಿ.ಮೀ. ಅಗಲ 4 ಮಿ.ಮೀ. ಇದ್ದರೆ ತೂಕ ಸುಮಾರು 3.6 ಗ್ರಾಂ; ಲೋಹದ ಲೆಕ್ಕ ಕತ್ತರಿಸುವ ಮುಂಚೆಯೇ ಸಿಕ್ಕಿತು.

ಸಡಿಲ ಆಗಲು ಕಾರಣ ಒಳಗಿನ ಅರ-ಎಮರಿ, ಮತ್ತೆ ದುಂಡು ಮಾಡುವಾಗ ಬೀಳುವ ಸುತ್ತಿಗೆ ಏಟು. ಸ್ವಲ್ಪ ಚಿಕ್ಕದಾಗಿ ಬೆಸೆದು ಕೊನೆಗೆ ಉಂಗುರಗೋಲಿನ (ಉಂಗುರ ತೊಡಿಸಿ ತಟ್ಟುವ ಉಕ್ಕಿನ ಕೋಲು) ಮೇಲೆ ಹಿಗ್ಗಿಸಿ. ಹಿಗ್ಗಿಸುವುದು ಎರಡು ನಿಮಿಷ, ಕುಗ್ಗಿಸಬೇಕಾದರೆ ಕತ್ತರಿಸಿ ಮತ್ತೆ ಬೆಸೆಯಬೇಕು. ಗೋಲಿಗೆ ಇಳಿಜಾರಿದೆ, ಉಂಗುರವನ್ನು ತಿರುಗಿಸಿ ಎರಡೂ ಕಡೆಯಿಂದ ತಟ್ಟಿ. ಅಗಲ 6 ಮಿ.ಮೀ. ದಾಟಿದರೆ ವ್ಯಾಸವನ್ನು 0.2–0.4 ಮಿ.ಮೀ. ಹೆಚ್ಚಿಡಿ, ಅಗಲದ ಪಟ್ಟಿ ಬೆರಳನ್ನು ಹೆಚ್ಚು ಹಿಡಿಯುತ್ತದೆ.

ಆದರೂ ನಿಮ್ಮ ಜಾಗದಲ್ಲಿ ಉಂಗುರದಿಂದ ಶುರುಮಾಡುವುದು ನನಗೆ ಸರಿ ಕಾಣದು. ಓಲೆಗೆ ಅಳತೆಯ ತಕರಾರೇ ಇಲ್ಲ. ಕಡ್ಡಿ 0.8 ಮಿ.ಮೀ. ದಪ್ಪ, 10–11 ಮಿ.ಮೀ. ಉದ್ದ ಇರಲಿ. ಬೆಸುಗೆಯ ಬಿಸಿಗೆ ಕಡ್ಡಿ ಮೆತ್ತಗಾಗುತ್ತದೆ, ಹಾಗೇ ಮಾರಿದರೆ ವಾರದಲ್ಲಿ ಬಗ್ಗುತ್ತದೆ. ಇಕ್ಕಳದಲ್ಲಿ ತುದಿ ಹಿಡಿದು ಅರ್ಧ ಸುತ್ತು ತಿರುಚಿ: ಕಡ್ಡಿಯೂ ಗಟ್ಟಿ, ಬೆಸುಗೆಯ ಪರೀಕ್ಷೆಯೂ ಆಯಿತು. ಕಿತ್ತುಬಂದರೆ ನಿಮ್ಮ ಮೇಜಿನ ಮೇಲೆಯೇ ಬರಲಿ.

ತಂತಿಕೆಲಸ:

ಅರ್ಥವಾಯಿತು, ಸೂತ್ರದಲ್ಲಿ ದಪ್ಪ ಬಿಟ್ಟಿದ್ದೆ. ಇನ್ನೊಂದು: ಎರಡು ಬಟ್ಟಲು ಸೇರಿಸಿ ಮಾಡುವ ಪೊಳ್ಳು ಗುಂಡುಗಳ ಓಲೆ ಎಲ್ಲರಿಗೂ ಹಿಡಿಸುತ್ತಿದೆ. ಮೊದಲ ಕಂತಿಗೆ ಅದನ್ನೇ ಇಡಬಹುದೇ?

ಊದುಗೊಳವೆ:

ಇಡಿ, ಆದರೆ ಪ್ರತಿ ಗುಂಡಿಗೂ ಬೆಸೆಯುವ ಮುಂಚೆ ಗಾಳಿತೂತು ಕೊರೆಯಲೇಬೇಕು. ಮುಚ್ಚಿದ ಗಾಳಿ ಕಾದರೆ ಗುಂಡು ಸಿಡಿಯುತ್ತದೆ. ತೂತಿದ್ದರೆ ಒಳಗೆ ಆಮ್ಲ ನುಗ್ಗುತ್ತದೆ, ಅದಕ್ಕೆ ಅಡುಗೆ ಸೋಡಾ ಕಲಸಿದ ಬಿಸಿ ನೀರಿನಲ್ಲಿ ಇಟ್ಟು, ತೊಳೆದು, ಪೂರ್ತಿ ಒಣಗಿಸಿ. ಇಲ್ಲವಾದರೆ ಡಬ್ಬಿಯೊಳಗೆ ಹಸಿರು ಜಿನುಗುತ್ತದೆ. ಅಂಚುಗಳಿಗೆ ಹಾರ್ಡ್ ಬೆಸುಗೆ (ಹೆಚ್ಚು ಬಿಸಿಗೆ ಕರಗುವುದು), ಕಡ್ಡಿಗೆ ಈಸಿ (ಕಡಿಮೆ ಬಿಸಿಗೆ ಕರಗುವುದು). ತಿರುವುಮುರುವಾದರೆ ಕಡ್ಡಿ ಕೂರಿಸುವಾಗ ಗುಂಡೇ ಬಿಚ್ಚಿಕೊಳ್ಳುತ್ತದೆ.

ಒರೆಗಲ್ಲು:

ಒಂದೊಂದೇ ಜೊತೆ ಮಾಡಬೇಡಿ. 20 ಬಟ್ಟಲು ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಗುಳಿ ಹೊಡೆದು, ಒಟ್ಟಿಗೆ ಆಮ್ಲಕ್ಕೆ ಹಾಕಿದರೆ ಜೊತೆಗೆ ಬೀಳುವ ನಿಮಿಷಗಳು ಇಳಿಯುತ್ತವೆ. 925 ಮುದ್ರೆ ಒತ್ತುವ ಮುಂಚೆ ನೀವು ಮಾರುವ ಜಾಗದ ಹಾಲ್‌ಮಾರ್ಕ್ ನಿಯಮ ಓದಿ, ಅದು ದೇಶದಿಂದ ದೇಶಕ್ಕೆ ಬೇರೆ. ಅರದ ಪುಡಿಗೆ ಎರಡು ಡಬ್ಬಿ ಇಡಿ: ಬೆಸುಗೆ ಬೆರೆತದ್ದು ಒಂದಕ್ಕೆ, ಅಪ್ಪಟ 925 ಇನ್ನೊಂದಕ್ಕೆ. ಅಪ್ಪಟ ತುಂಡುಗಳನ್ನು ನೀವೇ ಕರಗಿಸಿ ತಗಡು ಎಳೆಯಬಹುದು. ಬೆಸುಗೆ ಸೇರಿದರೆ ಆ ತಗಡು ಸೀಳುತ್ತದೆ.